ಅವ್ವ ಬರೆಸಿಕೊಟ್ಟ ಹೆಸರು

ಫೆಬ್ರವರಿಯ ಎರಡನೆಯ ಶನಿವಾರ ನನ್ನ ಹೆಸರಿಗೆ ಒಂದು ಕಾಗದ ಬಂತು.

ನ್ಯೂಯಾರ್ಕಿನ ಮಗ್ಗುಲಲ್ಲಿರುವ ಯಾಂಕರ್ಸ್ ಊರಿನ ಈ ಮನೆಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಕರೆಂಟು ಮನೆ ಮಾಲೀಕನ ಹೆಸರಿನಲ್ಲಿದೆ. ಫೋನು, ಇಲ್ಲಿಯವನನ್ನೇ ಮದುವೆಯಾಗಿ ಕಾಗದಪತ್ರ ಸರಿಮಾಡಿಕೊಂಡ ಗೆಳತಿಯೊಬ್ಬಳ ಹೆಸರಿನಲ್ಲಿದೆ. ಅಂಚೆಪೆಟ್ಟಿಗೆಯ ಮೇಲೆ ಹೆಸರಿನ ಚೀಟಿ ಸಿಕ್ಕಿಸಲು ಸಣ್ಣ ತಗಡಿನ ಚೌಕಟ್ಟಿದೆ. ನಾನು ಬಂದ ದಿನದಿಂದ ಅದು ಖಾಲಿ. ಆದರೂ ಅಂಚೆಯವಳು ಕಾಗದ ಹಾಕಿ ಹೋಗಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಮಿಸ್ ಡಿಂಪ್ನಾ ಫೀಲಿ’ ಎಂದು ಅಚ್ಚಾಗಿತ್ತು. ಮನೆಯ ನಂಬರು, ಮಹಡಿ, ಬೀದಿ, ಎಲ್ಲ ಸರಿಯಾಗಿತ್ತು. ಮೂಲೆಯಲ್ಲಿ ನಮ್ಮ ಐರ್ಲೆಂಡ್ ಸರ್ಕಾರದ ಮುದ್ರೆ.

ಮೆಟ್ಟಿಲ ಮೇಲೆ ಕೂತು ಒಡೆದೆ. ನಮ್ಮ ಸೀಮೆಯ ಶಾಸಕ ಕಾರ್ಮಕ್ ಡೋಲನ್ ಬರೆದಿದ್ದ. ‘ನಿಮ್ಮ ತಾಯಿ ಶ್ರೀಮತಿ ನೋನಿ ಫೀಲಿಯವರು ನನ್ನನ್ನು ಕಂಡು, ನೀವು ದಾಖಲೆ ಇಲ್ಲದೆ ಅಮೆರಿಕದಲ್ಲಿ ನೆಲೆಸಿರುವ ವಿಷಯ ತಿಳಿಸಿದರು. ನಿಮ್ಮ ಪರವಾಗಿ ಸಚಿವರಿಗೆ ಬರೆದಿದ್ದೇನೆ. ಸಚಿವರು ನಿಮ್ಮ ವಿವರಗಳನ್ನು ಅಮೆರಿಕದ ಸಂಬಂಧಪಟ್ಟವರ ಗಮನಕ್ಕೆ ತಂದಿದ್ದಾರೆ.’ ಕೆಳಗೆ ನೀಲಿ ಶಾಯಿಯಲ್ಲಿ ಸಹಿ.

ಕೊನೆಯ ಸಾಲನ್ನು ಮೂರು ಸಲ ಓದಿದೆ. ಸಂಬಂಧಪಟ್ಟವರ ಗಮನಕ್ಕೆ. ಇಪ್ಪತ್ತೆರಡು ವರ್ಷ ನಾನು ಬೇಡವೆಂದು ತಪ್ಪಿಸಿಕೊಂಡು ತಿರುಗಿದ್ದು ಆ ಗಮನವನ್ನೇ.

ನಮ್ಮೂರು ಲೀಟ್ರಿಮ್ ಸೀಮೆಯಲ್ಲಿದೆ. ನೀರು ಜಿನುಗುವ ನೆಲ, ಜೊಂಡುಹುಲ್ಲು. ಅಲ್ಲಿ ಯಾವ ಕೆಲಸ ಆಗಬೇಕಾದರೂ ಶಾಸಕನ ಹತ್ತಿರ ಹೋಗಬೇಕು. ಶನಿವಾರ ಬೆಳಿಗ್ಗೆ ಅವನು ಪಬ್ಬಿನ ಹಿಂದಿನ ಕೋಣೆಯಲ್ಲಿ ಕೂರುತ್ತಾನೆ. ಜನ ಕೋಟಿನ ಗುಂಡಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದುಕೊಂಡು ಗೋಡೆಗುಂಟ ಬೆಂಚಿನ ಮೇಲೆ ಸರದಿ ಕಾಯುತ್ತಾರೆ. ಒಬ್ಬರು ಹೇಳುವುದು ಇನ್ನೊಬ್ಬರಿಗೆ ಕೇಳಿಸುತ್ತದೆ, ಎಲ್ಲರೂ ಕೇಳಿಸದವರಂತೆ ನೆಲ ನೋಡುತ್ತಾರೆ. ನಮ್ಮ ಮನೆಗೆ ಕರೆಂಟಿನ ಕಂಬ ಹಾಕಿಸಿದ್ದು ಡೋಲನ್ನನ ಅಪ್ಪ. ಅವನೂ ಶಾಸಕನಾಗಿದ್ದವನೇ. ನಮ್ಮ ಓಣಿಗೆ ಡಾಂಬರು ಬಂದದ್ದು, ಅಪ್ಪನ ಸೊಂಟದ ಮೂಳೆಯ ಆಪರೇಷನ್ನಿಗೆ ದಿನ ಸಿಕ್ಕಿದ್ದು, ಅವ್ವನ ಪುಕ್ಕಟೆ ಔಷಧಿಯ ಕಾರ್ಡು, ಎಲ್ಲ ಆ ಬೆಂಚಿನಿಂದಲೇ. ಅವ್ವನ ಲೆಕ್ಕದಲ್ಲಿ ದೇವರಿಗೆ ಹೇಳಿಕೊಂಡ ಮೇಲೆ ಹೇಳಿಕೊಳ್ಳಬೇಕಾದದ್ದು ಡೋಲನ್ನನಿಗೆ.

ಫೋನು ಮಾಡಿದೆ. ಅಲ್ಲಿ ಸಂಜೆಯ ಚಹಾದ ಹೊತ್ತು.

“ಬಂತೇನೇ ಕಾಗದ?” ಅಂದಳು ಅವ್ವ. ನಾನು ಹಲೋ ಅನ್ನುವುದಕ್ಕೂ ಬಿಡಲಿಲ್ಲ.

“ಬಂತು.”

“ನೋಡಿದ್ಯಾ, ಹೇಳಿದ ಹಾಗೇ ಮಾಡ್ದ. ಅವರಪ್ಪನ ಥರಾನೇ, ಮಾತಿಗೆ ತಪ್ಪಲ್ಲ. ಬೇರೆಯವರ ಕೈಲಿ ಬರೆಸಲಿಲ್ಲ ಕಣೇ, ಅವನ ಕೈಯಾರೆ ಬರ್ಕೊಂಡ. ನಿನ್ನ ಹೆಸರು, ಹುಟ್ಟಿದ ತಾರೀಕು, ಅಲ್ಲಿ ಮನೆ ಎಲ್ಲಿ, ಯಾವ ವರ್ಷ ಹೋದೆ, ಎಲ್ಲ ಕೇಳ್ದ.”

“ಎಲ್ಲಾನೂ ಹೇಳಿದ್ಯಾ?”

“ಹೇಳ್ದೆ ಇನ್ನೇನು. ಕ್ರಿಸ್ಮಸ್ಸಿಗೆ ನೀನು ಕಳಿಸಿದ ಪಾರ್ಸೆಲ್ಲಿನ ಮೇಲೆ ವಿಳಾಸ ಇತ್ತಲ್ಲ, ಕತ್ತರಿಸಿ ತಗೊಂಡು ಹೋಗಿದ್ದೆ. ತಪ್ಪಾಗ್ಬಾರ್ದು ನೋಡು.”

ಅವ್ವನಿಗೆ ಎಂಬತ್ತೊಂದು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದಳಂತೆ. ಅವಳ ಮುಂದಿನವನು ಚರಂಡಿಯ ವಿಷಯಕ್ಕೆ ಬಂದಿದ್ದನಂತೆ.

“ಸುಮ್ನಾಗಿಬಿಟ್ಯಲ್ಲ,” ಅಂದಳು. “ನಾನು ಮಾಡಿದ್ದು ತಪ್ಪಾಯ್ತಾ?”

“ಇಲ್ಲವ್ವ. ಈ ಫೋನು ಗರಗರ ಅಂತಿದೆ, ಕೇಳಿಸ್ತಿಲ್ಲ. ಚಹಾ ಕುಡಿ.”

ಕೆಳಗಿನ ಮನೆಯಲ್ಲಿ ಪೀಡರ್ ಮಕ್‌ಹೇಲ್ ಇದ್ದಾನೆ. ಮೇಯೋ ಸೀಮೆಯವನು, ಗಾರೆ ಕೆಲಸದವನು, ನನಗಿಂತ ಮೂರು ವರ್ಷ ಮೊದಲು ಬಂದವನು. ಅವನ ಹತ್ತಿರವೂ ಇಲ್ಲಿರಲು ಕಾಗದಪತ್ರ ಇಲ್ಲ. ಡೋಲನ್ನನ ಪತ್ರವನ್ನು ಸುಣ್ಣ ಕಚ್ಚಿದ ಬೆರಳಲ್ಲಿ ಹಿಡಿದು ಓದಿದ. ಮೊದಲು ನಕ್ಕ.

“ನಿಮ್ಮವ್ವ ಪೊಲೀಸರನ್ನ ಊಟಕ್ಕೆ ಕರೆದು ಎಲೆ ಹಾಕಿದ್ದಾಳೆ ಕಣೇ.”

“ಅವಳ ಸುದ್ದಿಗೆ ಹೋಗಬೇಡ.”

“ಹೋಗಲ್ಲಮ್ಮ. ಆದ್ರೆ ಇದರಲ್ಲಿ ನನ್ನ ಮನೆ ನಂಬರೂ ಇದೆ. ನಿನಗೆ ಬಾಗಿಲು ಬಡಿಯೋರು ನನ್ನ ಬಾಗಿಲು ದಾಟಿಕೊಂಡೇ ಮೇಲೆ ಬರಬೇಕು.” ಆಮೇಲೆ ನಗಲಿಲ್ಲ. “ನಮಗೆ ಅಲ್ಲೂ ಓಟಿಲ್ಲ, ಇಲ್ಲೂ ಓಟಿಲ್ಲ. ಡೋಲನ್ನನಿಗೆ ನಿನ್ನಿಂದ ಏನಾಗಬೇಕು? ನಿಮ್ಮವ್ವನ ಓಟಿದೆ. ಆ ಬೆಂಚಿನ ಮೇಲೆ ಕೂತವರ ಓಟಿದೆ. ಸಚಿವರು ಅಮೆರಿಕದವರ ಹತ್ರ ನಮ್ಮ ವಿಷಯ ಎತ್ತಿದರು ಅಂತ ಪೇಪರಿನಲ್ಲಿ ಬರುತ್ತೆ. ಪ್ರತಿ ವರ್ಷ ಮಾರ್ಚಿಯಲ್ಲಿ, ನಮ್ಮ ಸಂತನ ಹಬ್ಬಕ್ಕೆ ಇಲ್ಲಿಗೆ ಬಂದಾಗ ಎತ್ತುತ್ತಾರೆ, ಏಪ್ರಿಲಿನಲ್ಲಿ ಇಳಿಸುತ್ತಾರೆ.”

ಆ ವಾರವೇ ಬೂದು ಬಣ್ಣದ ಕಾರೊಂದು ನಮ್ಮ ಬೀದಿಯಲ್ಲಿ ನಿಲ್ಲತೊಡಗಿತು. ಬುಧವಾರ ನಿಂತಿತ್ತು. ಶುಕ್ರವಾರ ನಿಂತಿತ್ತು. ಒಳಗೆ ಇಬ್ಬರು, ಕಾಫಿ ಕುಡಿಯುತ್ತಿದ್ದರು. ಅದು ವಲಸೆ ಪೊಲೀಸರದೇ ಕಾರೋ, ರಸ್ತೆ ಅಗೆಯುವ ಕಂಪನಿಯದೋ ಗೊತ್ತಿಲ್ಲ. ಕೇಳಲು ಹೋಗುವಂತಿರಲಿಲ್ಲ.

ಹಿಡಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ನಾನು ಬಂದದ್ದು ತೊಂಬತ್ತು ದಿನಕ್ಕೆ. ವಿಮಾನದಲ್ಲಿ ಒಂದು ಹಸಿರು ಚೀಟಿ ಕೊಟ್ಟಿದ್ದರು. ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಅವಧಿ ಮೀರಿ ಉಳಿದರೆ ನ್ಯಾಯಾಧೀಶರ ಮುಂದೆ ಹೋಗುವ ಹಕ್ಕು ನನಗೆ ಬೇಡ ಎಂದು. ಮೊಣಕಾಲ ಮೇಲೆ ಇಟ್ಟುಕೊಂಡು ಸಹಿ ಹಾಕಿದ್ದೆ. ಆಗ ಇಪ್ಪತ್ತಾರು ವರ್ಷ. ಈಗ ಹಿಡಿದರೆ ವಾದ ಇಲ್ಲ, ವಿಚಾರಣೆ ಇಲ್ಲ. ಗೊತ್ತಿಲ್ಲದ ಊರಿನ ಲಾಕಪ್ಪಿನಲ್ಲಿ ಕೆಲವು ವಾರ. ಆಮೇಲೆ ಕಾಲಿಗೆ ಸರಪಳಿ ಹಾಕಿ ವಿಮಾನ ಹತ್ತಿಸುವುದು. ಹೋಗಬೇಕು ಅನ್ನಿಸಿದರೆ ನಾನೇ ಟಿಕೆಟ್ ಕೊಂಡು ಹೋಗುತ್ತೇನೆ. ಸರಪಳಿ ಹಾಕಿಸಿಕೊಂಡು ಹೋಗಲಾರೆ. ನಾನು ಇಪ್ಪತ್ತೆರಡು ವರ್ಷ ಇವರ ತಾಯಂದಿರ ಕುಂಡೆ ತೊಳೆದಿದ್ದೇನೆ.

ಅದೇ ನನ್ನ ಕೆಲಸ. ಈಗ ನೋಡಿಕೊಳ್ಳುತ್ತಿರುವುದು ಮಿಸೆಸ್ ಕೆಸ್ಲರ್ ಎಂಬ ಮುದುಕಿಯನ್ನು. ತೊಂಬತ್ತು ವರ್ಷ. ಸೊಂಟದಿಂದ ಕೆಳಗೆ ಬಲವಿಲ್ಲ. ಮೈ ಭಾರ, ತಲೆ ಚುರುಕು. ಬೆಳಿಗ್ಗೆ ಏಳಕ್ಕೆ ನಾನು ಹೋಗುತ್ತೇನೆ. ರಾತ್ರಿಯ ಪಾಳಿಯವಳು ಹೋಂಡುರಾಸಿನ ಇಸ್ಮೆಲ್ದಾ. ಏಳು ಗಂಟೆಗೆ ಅವಳ ಪಾಳಿ ಮುಗಿದರೂ ಅವಳು ಹೋಗುವುದಿಲ್ಲ. ಮುದುಕಿಯನ್ನು ಹಾಸಿಗೆಯಿಂದ ಸ್ನಾನದ ಕುರ್ಚಿಗೆ ಎತ್ತಲು ಇಬ್ಬರು ಬೇಕು. ಅವಳು ಕಂಕುಳಿಗೆ ಕೈ ಹಾಕುತ್ತಾಳೆ, ನಾನು ಮಂಡಿಯ ಕೆಳಗೆ. ನಾಲ್ಕು ವರ್ಷ ಹಾಗೇ ಎತ್ತಿದ್ದೇವೆ. ನನ್ನ ಸ್ಪ್ಯಾನಿಷು, ಅವಳ ಇಂಗ್ಲಿಷು ಎರಡೂ ಸಾಲದು. ಆದರೆ ಎತ್ತುವಾಗ ಮಾತು ಬೇಕಾಗುತ್ತಿರಲಿಲ್ಲ. ಎತ್ತಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, “ಅಕ್ಕ, ಈಯಮ್ಮ ದಿನಾ ಕಲ್ಲು ತಿಂತಾಳೆ ಕಣೇ,” ಅನ್ನುವಳು. ನನ್ನನ್ನು ಅಕ್ಕ ಅನ್ನುವಳು. ಅವಳಿಗೇ ನನಗಿಂತ ಎರಡು ವರ್ಷ ಹೆಚ್ಚು.

ಕಾಗದ ಬಂದ ಹನ್ನೊಂದನೆಯ ದಿನ, ಮಂಗಳವಾರ, ನಾನು ಐದು ನಿಮಿಷ ತಡವಾಗಿ ಹೋದೆ. ಇಸ್ಮೆಲ್ದಾ ಬೀದಿಗೆ ಇಳಿಯುವ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಬಂದೆನೇ ಎಂದು ನೋಡಲು ಹೊರಗೆ ಬಂದಿರಬೇಕು. ಮೂವರು ಗಂಡಸರು ಅವಳ ಸುತ್ತ ಇದ್ದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು, ಎದೆಯ ಮೇಲೆ ಪೊಲೀಸ್ ಎಂದು ಬರೆದಿತ್ತು. ಒಬ್ಬ ಅವಳ ಚೀಲ ಕಿತ್ತುಕೊಂಡು ಮೆಟ್ಟಿಲಿಗೆ ಸುರಿದ. ಚಪ್ಪಲಿ, ಡಬ್ಬಿ, ಜಪಸರ. ನನಗೆ ಕಾಲು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅವರಲ್ಲೊಬ್ಬ ತಿರುಗಿ ನನ್ನ ಮುಖ ನೋಡಿದ. ನನ್ನ ಕೆಂಪು ಕೂದಲು ನೋಡಿದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ಗುಡ್ ಮಾರ್ನಿಂಗ್ ಅಮ್ಮ, ಹೋಗಿ,” ಅಂದ.

“ಗುಡ್ ಮಾರ್ನಿಂಗ್,” ಅಂದೆ.

ಅಂದುಬಿಟ್ಟೆ. ಬಾಯಿಯೇ ಅಂದುಬಿಟ್ಟಿತು. ಮೆಟ್ಟಿಲು ಹತ್ತಿದೆ. ಅವಳ ಚಪ್ಪಲಿ ದಾಟಿಕೊಂಡು ಹೋದೆ. ಇಸ್ಮೆಲ್ದಾ ನನ್ನನ್ನು ನೋಡಿದಳು. ಇವಳ ಹತ್ತಿರವೂ ಕಾಗದಪತ್ರ ಇಲ್ಲ ಅನ್ನಲು ಅವಳಿಗೆ ಅರ್ಧ ಉಸಿರು ಸಾಕಿತ್ತು. ಅನ್ನಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡಳು, ನನ್ನ ಗುರುತೇ ಇಲ್ಲದವಳ ಹಾಗೆ.

ಒಳಗೆ ಮಿಸೆಸ್ ಕೆಸ್ಲರ್, “ಅವಳು ಎಲ್ಲಿ? ನನ್ನನ್ನು ಎತ್ತೋರು ಯಾರು?” ಅಂದಳು. ಒಬ್ಬಳೇ ಎತ್ತಿದೆ. ಬೆನ್ನಲ್ಲಿ ಏನೋ ಕಳಚಿದ ಹಾಗಾಯಿತು. ಮುದುಕಿಯ ಮಗ ಫ್ಲಾರಿಡಾದಲ್ಲಿದ್ದಾನೆ. ಬೇರೆಯವಳನ್ನು ಹುಡುಕುತ್ತೇನೆ ಅಂದ. ಶನಿವಾರ ಭಾನುವಾರ ಮುದುಕಿಯ ತಂಗಿಯ ಮಗಳು ಬಂದು ಹೋಗುತ್ತಾಳೆ. ಉಳಿದ ದಿನ ನಾನೊಬ್ಬಳೇ ಎತ್ತಿದೆ, ನಾನೊಬ್ಬಳೇ ಇಳಿಸಿದೆ. ಇಸ್ಮೆಲ್ದಾಳನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಲು ನಾನು ಯಾರಿಗೆ ಫೋನು ಮಾಡಲಿ? ಯಾರಿಗೆ ಮಾಡಿದರೂ ಮೊದಲು ಕೇಳುವುದು ನಿಮ್ಮ ಹೆಸರೇನು ಎಂದೇ.

ಮಾರ್ಚಿಯಲ್ಲಿ ಸಚಿವರು ಬಂದರು. ಪಕ್ಕದ ಬ್ರಾಂಕ್ಸಿನ ಅಂಚಿನಲ್ಲಿ ನಮ್ಮ ಜನರ ಸಂಘದ ಸಭಾಂಗಣ. ಡೋಲನ್ ಕೂಡ ಬರುತ್ತಾನೆ, ಡಿಂಪ್ನಾ ಅವನನ್ನು ಕಾಣಲೇಬೇಕು ಎಂದು ಅವ್ವ ಮೂರು ಸಲ ಹೇಳಿದಳು. ನನಗೂ ಅವನನ್ನು ಕಾಣಬೇಕಿತ್ತು. ಅವರು ಅಮೆರಿಕದವರಿಗೆ ಕೊಟ್ಟ ವಿವರಗಳಿಂದ ನನ್ನ ಹೆಸರು ತೆಗೆಸಬೇಕಿತ್ತು.

ಗುರುವಾರ ಮಧ್ಯಾಹ್ನ. ಮುದುಕಿಯ ಬಳಿ ಎರಡು ಗಂಟೆ ಪಕ್ಕದ ಮನೆಯವಳನ್ನು ಕೂರಿಸಿ ಹೋದೆ. ಪೀಡರನೂ ಬಂದ. ಕ್ಷೌರ ಮಾಡಿಸಿಕೊಂಡು, ಕೋಟು ಹಾಕಿಕೊಂಡಿದ್ದ. ವೇದಿಕೆಯ ಮೇಲೆ ಸಚಿವರು ಮಾತಾಡುತ್ತಿದ್ದರು. ನಿಮ್ಮನ್ನು ಮರೆತಿಲ್ಲ ಅಂದರು. ಬಾಗಿಲು ಮುಚ್ಚಿದ ಕೋಣೆಗಳಲ್ಲಿ ಸದ್ದಿಲ್ಲದೆ ಕೆಲಸ ನಡೆಯುತ್ತಿದೆ ಅಂದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಬಾಗಿಲ ಹತ್ತಿರವೇ ನಿಂತಿದ್ದರು, ಓಡಲು ಸುಲಭವಾಗಲಿ ಎಂದು. ಗೋಡೆಯ ಪಕ್ಕದ ಮೇಜಿನ ಮೇಲೆ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಚಹಾದ ದೊಡ್ಡ ಕೆಟಲು. ನಮ್ಮೂರಿನ ಸಾವಿನ ಮನೆಯಲ್ಲಿ ಬಂದವರಿಗೆ ಇಡುವ ಹಾಗೇ ಇತ್ತು.

ಡೋಲನ್ ನನ್ನನ್ನು ಗುರುತು ಹಿಡಿದ. ಎರಡು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಪೀಡರನೂ ಹಿಂದೆ ಬಂದ. ಅಲ್ಲಿ ಸಚಿವರ ಜೊತೆ ಬಂದಿದ್ದ ಓರ್ಲಾ ಎಂಬ ಅಧಿಕಾರಿ ಕೂತಿದ್ದಳು. ಮೂವತ್ತು ದಾಟಿರದ ಹೆಣ್ಣು, ಕಪ್ಪು ಕೋಟು, ಮುಂದೆ ಫೈಲು.

“ನಿಮ್ಮಪ್ಪನ್ನ ಹೊತ್ತ ಹೆಗಲು ಕಣಮ್ಮ ಇದು,” ಅಂದ ಡೋಲನ್, ತನ್ನ ಬಲ ಹೆಗಲು ತಟ್ಟಿಕೊಂಡು.

“ಗೊತ್ತು. ನೋಡಿದೆ.”

ನೋಡಿದ್ದೆ. ನಾಲ್ಕು ವರ್ಷದ ಹಿಂದೆ ಅಪ್ಪ ಹೋದಾಗ ನಾನು ಹೋಗಲಾಗಲಿಲ್ಲ. ಹೋದರೆ ವಾಪಸು ಬರಲು ಬಿಡುವುದಿಲ್ಲ. ಚರ್ಚಿನ ಕ್ಯಾಮೆರಾದಲ್ಲಿ ಮಣ್ಣು ಮಾಡುವುದನ್ನು ನೋಡಿದೆ, ಈ ಮಹಡಿಯ ಕೋಣೆಯಲ್ಲಿ, ಕಪ್ಪು ಬಟ್ಟೆ ಹಾಕಿಕೊಂಡು ಕೂತು. ಶವಪೆಟ್ಟಿಗೆ ಹೊರಲು ಆರು ಜನ ಬೇಕು. ಎದುರುಬದುರಾಗಿ ನಿಂತು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಬಳಸಿ ಎತ್ತುತ್ತಾರೆ. ತಲೆಯ ಕಡೆ ಮುಂದಿನ ಜಾಗ ಮಕ್ಕಳದು. ಅಪ್ಪನಿಗೆ ನಾನೊಬ್ಬಳೇ. ಆ ಜಾಗ ಒಂದು ಕ್ಷಣ ಖಾಲಿ ಇತ್ತು. ಆಮೇಲೆ ಜನರ ನಡುವಿನಿಂದ ಡೋಲನ್ ಬಂದು ಹೆಗಲು ಕೊಟ್ಟ. ಎಲ್ಲ ಸಾವಿಗೂ ಬರುತ್ತಾನೆ. ಎಲ್ಲಿ ಜಾಗ ಖಾಲಿ ಇದೆ ಎಂದು ಅವನಿಗೆ ತಿಳಿಯುತ್ತದೆ.

“ನನ್ನ ಜಾಗದಲ್ಲಿ ನಿಂತಿದ್ರಿ,” ಅಂದೆ.

ಅವನು ನಕ್ಕ. ಕೃತಜ್ಞತೆ ಹೇಳಿದೆ ಅಂದುಕೊಂಡ.

“ಡೋಲನ್ನವರೇ, ಒಂದೇ ಕೆಲಸ ಇದೆ ನಿಮ್ಮಿಂದ. ನನ್ನ ಹೆಸರು ತೆಗೆದುಬಿಡಿ.”

“ಎಲ್ಲಿಂದ?”

“ಎಲ್ಲೆಲ್ಲಿ ಬರೆದಿದ್ದೀರೋ ಅಲ್ಲಿಂದೆಲ್ಲ.”

ಅವನು ಓರ್ಲಾಳನ್ನು ನೋಡಿದ. ಅವಳು ಪೆನ್ನಿನ ಮುಚ್ಚಳ ಹಾಕಿ, “ಪಟ್ಟಿ ಆ ಕಡೆ ಹೋಗಿ ಐದು ವಾರ ಆಯ್ತು,” ಅಂದಳು.

“ಆ ಕಡೆ ಅಂದ್ರೆ?”

“ವಾಷಿಂಗ್ಟನ್ನಿಗೆ. ವಿಶ್ವಾಸದ ಮೇಲೆ ಕೊಟ್ಟಿರೋದು. ಗೋಪ್ಯ.”

“ಈಗ ಯಾರ ಮೇಜಿನ ಮೇಲಿದೆ?”

“ಅದನ್ನ ನಮಗೂ ಹೇಳಲ್ಲ.”

“ವಾಪಸ್ ಕೇಳಿ.”

“ವಾಪಸ್ ಕೇಳಿದ್ರೆ ಅನುಮಾನ ಬರುತ್ತೆ ಮೇಡಂ. ನಲವತ್ತು ಹೆಸರು ಕೊಟ್ಟು ಒಂದು ವಾಪಸ್ ಕೊಡಿ ಅಂದ್ರೆ, ಮೊದಲು ಅದನ್ನೇ ತೆಗೆದು ನೋಡ್ತಾರೆ.”

“ನಲವತ್ತು ಜನಾನ ಕೇಳಿ ಕೊಟ್ರಾ?”

“ಮನೆಯವರು ಒಪ್ಪಿದ್ದಾರೆ,” ಅಂದಳು. ಅವ್ವನ ಕೈಬರಹದ ಸಹಿ ಆ ಫೈಲಿನಲ್ಲಿ ಇದ್ದಿರಬೇಕು. ನಡುಗುವ ಅಕ್ಷರ.

ಡೋಲನ್ ಕುರ್ಚಿ ಹತ್ತಿರ ಎಳೆದುಕೊಂಡ. ದನಿ ತಗ್ಗಿಸಿದ. “ಕೇಳಮ್ಮ ಡಿಂಪ್ನಾ. ತೆಗೆಸೋ ಮಾತು ಬಿಡು. ನಿನ್ನ ಹೆಸರನ್ನ ಮೇಲಕ್ಕೆ ತರೋಣ. ನಾಳೆ ಬೆಳಿಗ್ಗೆ ಸಚಿವರು ಇಲ್ಲಿನ ಸಂಸದರೊಬ್ಬರ ಜೊತೆ ತಿಂಡಿಗೆ ಕೂರ್ತಾರೆ. ಅವರ ಅಜ್ಜಿ ನಮ್ಮ ಕಡೆಯವರೇ. ನಮ್ಮವರಿಗೆ ಅಂತಲೇ ಬೇರೆ ವೀಸಾ ಕೇಳ್ತಿದ್ದೀವಿ. ಒಬ್ಬರು ಎದುರಿಗೆ ಕೂತು ತಮ್ಮ ಕಷ್ಟ ಹೇಳ್ಬೇಕು. ನಿನ್ನಂಥವಳು ಹೇಳಿದ್ರೆ ಕಲ್ಲೂ ಕರಗುತ್ತೆ. ಮುದುಕಿಯರ ಸೇವೆ ಮಾಡ್ತೀಯ, ಅಪ್ಪನ ಮಣ್ಣಿಗೆ ಹೋಗೋಕಾಗ್ಲಿಲ್ಲ. ಐದು ನಿಮಿಷ. ಆಮೇಲೆ ನೀನು ಚಿಕ್ಕ ಪಟ್ಟಿಗೆ ಬರ್ತೀಯ. ನಾಲ್ಕೈದು ಜನರ ಪಟ್ಟಿ. ಅವರನ್ನ ಯಾರೂ ಮುಟ್ಟಲ್ಲ.”

“ಯಾರೂ ಮುಟ್ಟಲ್ಲ ಅಂತ ಬರೆದುಕೊಡ್ತಾರಾ?”

“ಇಂಥದ್ದನ್ನೆಲ್ಲ ಬರೆಯೋದಿಲ್ಲ,” ಅಂದಳು ಓರ್ಲಾ.

“ನನ್ನ ಹೆಸರು ಮಾತ್ರ ಬರೀತಾರೆ.”

ಅವಳು ಒಂದು ಹಾಳೆ ಮುಂದಿಟ್ಟಳು. ನಾನು ನಾಳೆ ಹೇಳಬೇಕಾದದ್ದು. ಚೆನ್ನಾಗಿ ಬರೆದಿದ್ದರು. ಅಪ್ಪನ ಸಾವು ಇತ್ತು. ಅವ್ವನ ವಯಸ್ಸು ಇತ್ತು. ಜೋರಾಗಿ ಓದಿದೆ. ಕೊನೆಗೆ ಬಂದಾಗ ನಿಂತೆ. ಮತ್ತೆ ಓದಿದೆ. “ನಾವು ಪಾಸ್‌ಪೋರ್ಟು ತೋರಿಸಿ, ವಿಮಾನದಲ್ಲಿ ಬಂದವರು. ಬೇಲಿ ಹಾರಿ ಬಂದವರಲ್ಲ. ದುಡಿದು ತಿನ್ನುವವರು. ಈ ದೇಶ ಕಟ್ಟಿದವರ ವಂಶದವರು. ದಯವಿಟ್ಟು ನಮ್ಮನ್ನು ಅವರ ಜೊತೆ ಸೇರಿಸಬೇಡಿ.”

“ಅವರು ಅಂದ್ರೆ ಯಾರು?” ಅಂದೆ.

“ಅದು ಹಾಗೆ ಸುಮ್ನೆ,” ಅಂದ ಡೋಲನ್. “ಆ ಮನುಷ್ಯನಿಗೆ ಕೇಳೋಕೆ ಹಿತವಾಗಿರಲಿ ಅಂತ.”

“ಯಾರು ಅಂತ ಕೇಳ್ದೆ.”

ಹೊರಗೆ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದರು.

“ನಾನು ಹೇಳ್ತೀನಿ ಯಾರು ಅಂತ. ಇಸ್ಮೆಲ್ದಾ. ನಾಲ್ಕು ವರ್ಷ ಅವಳೂ ನಾನೂ ಸೇರಿ ಒಂದು ದೇಹ ಎತ್ತಿದ್ದೀವಿ. ಅವಳನ್ನ ನನ್ನ ಕಣ್ಣೆದುರಿಗೆ ಹಿಡಿದ್ರು. ನನಗೆ ದಾರಿ ಬಿಟ್ರು. ನಮಸ್ಕಾರ ಹೇಳಿ ಬಿಟ್ರು. ನಾನೂ ಹೇಳಿ ಒಳಗೆ ಹೋದೆ. ಅವಳು ನನ್ನ ಹೆಸರು ಹೇಳಲಿಲ್ಲ. ಒಂದು ಮಾತು ಹೇಳಿದ್ರೆ ಆವತ್ತೇ ನನ್ನನ್ನೂ ತುಂಬಿಕೊಂಡು ಹೋಗ್ತಿದ್ರು. ಬೇಲಿ ಹಾರಿ ಬಂದವಳು ಬಾಯಿ ಮುಚ್ಚಿಕೊಂಡು ನನ್ನ ಹೆಸರು ಉಳಿಸಿದಳು. ನೀವು ನನ್ನ ದೇಶದವರು, ನನ್ನಪ್ಪನ್ನ ಹೊತ್ತವರು, ಟೈಪು ಮಾಡಿಸಿ ಅವರ ಕೈಗೆ ಕೊಟ್ರಿ.”

ಡೋಲನ್ನನ ಮುಖ ಕೆಂಪಾಯಿತು. “ಒಳ್ಳೇದಕ್ಕೇ ಮಾಡಿದ್ದಮ್ಮ.”

“ಇರಬಹುದು. ನಾಳೆ ನಾನು ಬರ್ತೀನಿ. ಈಗ ಹೇಳಿದ್ದನ್ನೇ ಹೇಳ್ತೀನಿ. ಕೂರಿಸ್ತೀರಾ?”

ಓರ್ಲಾ ನನ್ನನ್ನು ನೋಡಲಿಲ್ಲ. “ಅದರಿಂದ ನಮ್ಮ ಮಾತುಕತೆಗೆ ಸಹಾಯ ಆಗಲ್ಲ,” ಅಂದಳು. ದನಿ ಸಣ್ಣದಾಗಿತ್ತು. ಅವಳಿಗೂ ನಾಚಿಕೆಯಾಗಿತ್ತೇನೋ. ನನಗೆ ಅದರಿಂದ ಪ್ರಯೋಜನವಿರಲಿಲ್ಲ.

“ಹಾಗಿದ್ರೆ ಬೇರೆಯವರನ್ನ ನೋಡ್ಕೊಳ್ಳಿ. ಈ ಕೊನೇ ಸಾಲು ನನ್ನ ಬಾಯಲ್ಲಿ ಬರಲ್ಲ.”

ಹಾಳೆ ಮೇಜಿನ ಮೇಲೆ ಇಟ್ಟೆ.

“ಯೋಚನೆ ಮಾಡು ತಾಯಿ,” ಅಂದ ಡೋಲನ್. “ದೊಡ್ಡ ಪಟ್ಟಿಯಲ್ಲಿ ಉಳಿದವರ ಬಗ್ಗೆ ನಾನು ಏನೂ ಹೇಳೋಕಾಗಲ್ಲ. ಊರಿಗೆ ಹೋದ್ಮೇಲೆ ನಿಮ್ಮವ್ವನಿಗೆ ಏನಂತ ಹೇಳ್ಲಿ?”

“ಅವ್ವನಿಗೆ ಏನೂ ಹೇಳ್ಬೇಡಿ. ಅವಳ ಹತ್ರ ಇನ್ನೇನೂ ಕೇಳೋಕೂ ಹೋಗ್ಬೇಡಿ.”

ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದೆ ಹಾಳೆಯ ಸದ್ದಾಯಿತು. ಪೀಡರ್ ಅದನ್ನು ಎತ್ತಿಕೊಂಡಿದ್ದ. ಕನ್ನಡಕ ಹುಡುಕುತ್ತಿದ್ದ.

“ಪೀಡರ್.”

“ಬರೀ ಮಾತು ಕಣೇ ಡಿಂಪ್ನಾ,” ಅಂದ, ತಲೆ ಎತ್ತದೆ. “ಇಪ್ಪತ್ತೈದು ವರ್ಷ ಗೋಡೆಗೆ ಗಾರೆ ಬಳಿದಿದ್ದೀನಿ. ಐದು ನಿಮಿಷ ಬಾಯಿಗೂ ಬಳ್ಕೊಂಡ್ರೆ ಏನಾಗುತ್ತೆ. ಯಾರಾದ್ರೂ ಹೇಳ್ಲೇಬೇಕಲ್ಲ.”

“ನಿನ್ನ ಜೊತೆ ಗಾರೆ ಕಲಸೋರು ಯಾರು?”

ಅವನು ಕೋಟಿನ ಒಳಜೇಬು ತಡಕಿದ. ಕನ್ನಡಕ ಸಿಕ್ಕಿತು. ಹಾಕಿಕೊಂಡ.

ಆ ಶುಕ್ರವಾರ ಏನೂ ಆಗಲಿಲ್ಲ. ಶನಿವಾರವೂ ಇಲ್ಲ. ಬೂದು ಕಾರು ನಮ್ಮ ಬೀದಿಯಿಂದ ಹೋಗಿತ್ತು. ಅದು ಇದ್ದಾಗ ಇದ್ದ ಹೆದರಿಕೆಗಿಂತ ಅದು ಇಲ್ಲದಿರುವುದು ಹೆಚ್ಚು ಹೆದರಿಕೆ ತಂದಿತು. ಇದ್ದಾಗ ಎಲ್ಲಿದೆ ಎಂದಾದರೂ ಗೊತ್ತಿತ್ತು. ಪೀಡರ್ ಕೆಳಗೆ ರೇಡಿಯೋ ಹಾಕಿಕೊಂಡು ಇದ್ದ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿದರೆ ಸದ್ದು ತಗ್ಗಿಸುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ.

ಭಾನುವಾರ ಚರ್ಚಿನಿಂದ ಬಂದು ಅವ್ವನಿಗೆ ಫೋನು ಮಾಡಿದೆ. ಅವಳು ಸಂತೋಷವಾಗಿದ್ದಳು.

“ಡೋಲನ್ನನ ಆಫೀಸಿನಿಂದ ಫೋನ್ ಬಂದಿತ್ತು ಕಣೇ, ನಿನ್ನೆ. ಶನಿವಾರ ಆದ್ರೂ ಕೆಲಸ ಮಾಡ್ತಾರೆ ಪಾಪ. ಒಂದು ಹುಡುಗಿ. ಎಷ್ಟು ಮರ್ಯಾದೆಯಿಂದ ಮಾತಾಡ್ತಾಳೆ ಅಂತೀಯ.”

“ಏನಂತೆ?”

“ನಿನ್ನ ಫಾರಮ್ಮು ಅರ್ಧ ಖಾಲಿ ಇತ್ತಂತೆ. ಎಲ್ಲಿ ಕೆಲಸ ಮಾಡ್ತೀಯ, ಎಷ್ಟು ಹೊತ್ತಿಗೆ ಅಲ್ಲಿರ್ತೀಯ ಅಂತ ಕೇಳಿದ್ಲು. ಆ ಕೆಸ್ಲರಮ್ಮನ ಮನೆ ಅಂದೆ. ಅವರು ಕ್ರಿಸ್ಮಸ್ಸಿಗೆ ನನಗೂ ಒಂದು ಕಾರ್ಡು ಕಳಿಸಿದ್ರಲ್ಲ, ಅದರಲ್ಲಿ ವಿಳಾಸ ಇತ್ತು. ಓದಿ ಹೇಳ್ದೆ. ಬೆಳಿಗ್ಗೆ ಏಳರಿಂದ ಸಂಜೆ ಏಳು, ಒಂದು ದಿನ ತಪ್ಪಿಸಲ್ಲ ನನ್ನ ಮಗಳು ಅಂದೆ. ಅದನ್ನೂ ಬರ್ಕೊಮ್ಮ ಅಂದೆ.”

ಗೋಡೆಗೆ ಒರಗಿ ನಿಂತೆ. ಬೆನ್ನು ನೋಯುತ್ತಿತ್ತು.

“ಎಲ್ಲಿಗೆ ಕಳಿಸ್ತಾರಂತೆ ಅದನ್ನ?”

“ಮೇಲಕ್ಕೆ, ಇನ್ನೆಲ್ಲಿಗೆ.” ಆಮೇಲೆ, “ಡಿಂಪ್ನಾ, ಬೇಗ ಆಗುತ್ತೆ ಅಲ್ವೇನೇ? ನಾನು ಇರೋವಾಗ್ಲೇ ಒಂದು ಸಲ ನಿನ್ನ ಮುಖ ನೋಡೋ ಹಾಗಾಗುತ್ತೆ ಅಲ್ವಾ?”

“ಬೇಗಾನೇ ಆಗುತ್ತವ್ವ,” ಅಂದೆ. “ಒಳ್ಳೇ ಕೆಲಸ ಮಾಡಿದ್ದೀಯ.”

ಸೋಮವಾರ ಕೆಲಸಕ್ಕೆ ಹೋಗದಿರಬಹುದಿತ್ತು. ನಾನು ಹೋಗದಿದ್ದರೆ ಮುದುಕಿ ತೊಯ್ದ ಹಾಸಿಗೆಯಲ್ಲಿ ಮಲಗಿರುತ್ತಾಳೆ. ರಾತ್ರಿ ಪಾಳಿಗೆ ಮಗ ಹುಡುಕಿದ ಹೊಸಬಳು ಆರೂವರೆಗೇ ಹೊರಟುಬಿಡುತ್ತಾಳೆ, ಎತ್ತುವುದಕ್ಕೆ ನಿಲ್ಲುವುದಿಲ್ಲ. ಇದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಇವತ್ತು ಹೋಗದಿದ್ದರೆ ನಾಳೆಯೂ ಹೋಗುವುದಿಲ್ಲ. ಆಮೇಲೆ ಮನೆ ಬದಲಿಸಬೇಕು, ಊರು ಬದಲಿಸಬೇಕು, ನನ್ನದಲ್ಲದ ಇನ್ನೊಂದು ಹೆಸರು ಹುಡುಕಬೇಕು. ಡೋಲನ್ನನ ಹುಡುಗಿ ಅವ್ವನಿಗೆ ಮತ್ತೆ ಫೋನು ಮಾಡುತ್ತಾಳೆ.

ಆರೂ ಐವತ್ತಕ್ಕೆ ಆ ಬೀದಿಗೆ ತಿರುಗಿದೆ. ಮಂಜು ಬಿದ್ದಿತ್ತು. ನಿಂತ ಕಾರುಗಳ ಗಾಜುಗಳೆಲ್ಲ ಬೆಳ್ಳಗಾಗಿದ್ದವು. ಒಂದರ ಗಾಜಿನ ಮಂಜು ಮಾತ್ರ ಒಳಗಿನ ಉಸಿರಿಗೆ ಕರಗಿತ್ತು. ನಾನು ನಡಿಗೆ ಜೋರು ಮಾಡಲಿಲ್ಲ. ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದು ಒಳಗೆ ಹೋಗಿ ಎರಡು ಚಿಲಕವನ್ನೂ ಹಾಕಿದೆ. ಹಿಂದೆ ಕಾರಿನ ಬಾಗಿಲುಗಳು ಮುಚ್ಚಿದ ಸದ್ದು ಬಂತು. ಒಂದು, ಎರಡು, ಮೂರು. ಮೆಟ್ಟಿಲ ಕೆಳಗೇ ನಿಂತು ಯಾರೊಂದಿಗೋ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು.

ಮಿಸೆಸ್ ಕೆಸ್ಲರಳ ಕೋಣೆಗೆ ಹೋಗಿ ಪರದೆ ಸರಿಸಲಿಲ್ಲ. ಒದ್ದೆ ಬಟ್ಟೆ ತೆಗೆದೆ. ಒರೆಸಿದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕುರ್ಚಿಗೆ ಕೂರಿಸಿದೆ. ಬಿಸಿನೀರು ಹಾಕಿದೆ. ಬೆನ್ನು, ತೊಡೆ, ಬೆರಳ ಸಂದು ತೊಳೆದೆ. ಒರೆಸಿ ಬಟ್ಟೆ ತೊಡಿಸಿದೆ. ಬಲಗಾಲಿಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಾಗ ಕರೆಗಂಟೆ ಸದ್ದಾಯಿತು.

“ಯಾರದು ಇಷ್ಟೊತ್ತಿಗೆ?” ಅಂದಳು ಮುದುಕಿ.

“ನನ್ನನ್ನ ಕೇಳಿಕೊಂಡು ಬಂದೋರು.”

“ನಿನಗೆ ಯಾರೂ ಬರಲ್ವಲ್ಲ.”

“ಈಗ ಬರ್ತಾರೆ.”

ಮತ್ತೆ ಸದ್ದಾಯಿತು. ಆಮೇಲೆ ಮುಷ್ಟಿಯಿಂದ ಗುದ್ದಿದರು. ಗೋಡೆಯ ಮೇಲಿದ್ದ ಅವಳ ಗಂಡನ ಫೋಟೋ ಅಲುಗಿತು. ಕೈ ಒರೆಸಿಕೊಂಡು ಹೋದೆ. ಬಾಗಿಲ ಈ ಕಡೆ ನಿಂತೆ. ಗಾಜಿನ ತೂತಿನಿಂದ ನೋಡಿದೆ. ಮೂವರು. ಮುಖಕ್ಕೆ ಬಟ್ಟೆ. ಮುಂದಿನವನ ಕೈಯಲ್ಲಿ ಒಂದು ಹಾಳೆ.

“ಡಿಂಪ್ನಾ ಫೀಲಿ?” ಅಂದ. ಸರಿಯಾಗಿ ಉಚ್ಚರಿಸಿದ. ಯಾರೋ ಕಲಿಸಿಕೊಟ್ಟಂತಿತ್ತು.

“ಮೊದಲು ನಿಮ್ಮ ಹೆಸರು ಹೇಳಿ,” ಅಂದೆ.

“ಬಾಗಿಲು ತೆಗೀರಿ ಮೇಡಂ.”

“ಮೂವರದೂ ಹೇಳಿ. ಪೂರ್ತಿ ಹೆಸರು. ಹುಟ್ಟಿದ ತಾರೀಕು. ಮನೆ ಎಲ್ಲಿ. ಮೂರು ವಾರದ ಹಿಂದೆ ಈ ಮೆಟ್ಟಿಲ ಮೇಲಿಂದ ಒಬ್ಬ ಹೆಂಗಸನ್ನ ಕರ್ಕೊಂಡು ಹೋದ್ರಲ್ಲ, ಅವಳನ್ನ ಎಲ್ಲಿಟ್ಟಿದ್ದೀರಿ ಅದನ್ನೂ ಹೇಳಿ. ಬರ್ಕೊಳ್ತೀನಿ.”

ಫೋನಿನ ಪಕ್ಕದಲ್ಲಿ ಔಷಧಿ ಗುರುತು ಹಾಕುವ ಪುಸ್ತಕ ಇತ್ತು. ಪೆನ್ಸಿಲು ದಾರದಲ್ಲಿ ತೂಗುತ್ತಿತ್ತು. ಕೈಗೆ ತೆಗೆದುಕೊಂಡು ಕಾದೆ. ಪೆನ್ಸಿಲಿನ ಮೊನೆ ಹಾಳೆಯ ಮೇಲೆಯೇ ಇತ್ತು. ಹೊರಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮನೆಯ ಹಿಂದಿನ ಬಾಗಿಲ ಕಡೆ ನಡೆದ. ಯಾರೂ ಹೆಸರು ಹೇಳಲಿಲ್ಲ.

ಒಳಗಿನಿಂದ ಮಿಸೆಸ್ ಕೆಸ್ಲರ್ ಕಾಲು ತಣ್ಣಗಾಗುತ್ತಿದೆ ಎಂದು ಕೂಗಿದಳು. ಅವಳ ಎಡಗಾಲಿಗೆ ಚೀಲ ಹಾಕುವುದು ಬಾಕಿ ಇತ್ತು. ಹೋಗಿ, ನೆಲಕ್ಕೆ ಮಂಡಿಯೂರಿ, ಹಾಕತೊಡಗಿದೆ.